ಮೇಲಿನ ಓಲ್ಶಿನಾ, ಕೆಳಗಿನ ಓಲ್ಶಿನಾ

ಮಸ್ಕತ್ತಿನ ರುವಿಯಲ್ಲಿ, ರೋಗಿಗಳನ್ನು ಚಿಕಿತ್ಸೆಗೆಂದು ಹೊರದೇಶಕ್ಕೆ ಕಳಿಸಿಕೊಡುವ ಒಂದು ಸಣ್ಣ ಕಚೇರಿಯಲ್ಲಿ ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಈಚೆಗೆ ಅಂಥದೇ ಕೆಲಸಕ್ಕೆ ಸೇರಿದ ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿ, "ಆಂಟಿ, ಇದರಲ್ಲಿ ಕಲಿಯೋದು ಏನಿರತ್ತೆ? ವೀಸಾ, ಟಿಕೆಟ್, ರೂಮು, ಅಷ್ಟೇ ತಾನೆ?" ಎಂದು ಕೇಳಿದಳು. ನಾನೂ ಹಾಗೇ ತಿಳಿದು ಸೇರಿದವಳು. ಹಾಗಲ್ಲ ಎಂದು ಗೊತ್ತಾಗಲು ನನ್ನಿಂದ ಒಂದು ದೊಡ್ಡ ತಪ್ಪಾಗಬೇಕಾಯಿತು. ಅದನ್ನು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾನು ಗುಳೇದಗುಡ್ಡದವಳು. ಧಾರವಾಡದಲ್ಲಿ ಭೂಗೋಳ ಓದಿ ಎಂ.ಎ. ಮಾಡಿದ್ದೆ. ಒಂದು ದಿನವೂ ಪಾಠ ಮಾಡದೆ, ಮದುವೆಯಾಗಿ ಒಮಾನಿಗೆ ಬಂದೆ. ನಮ್ಮವರಿಗೆ ಸೂರ್ ಎಂಬ ಕಡಲೂರಿನ ಹತ್ತಿರದ ಅನಿಲ ಸ್ಥಾವರದಲ್ಲಿ ಮೆಂಟೆನನ್ಸ್ ಕೆಲಸ. ಮಗಳ ಶಾಲೆ ಮಸ್ಕತ್ತಿನ ದಾರ್ಸೈಟಿನಲ್ಲಿದ್ದುದರಿಂದ ನಾನು ಅಲ್ಲಿನ ಫ್ಲ್ಯಾಟಿನಲ್ಲಿ, ಅವರು ವಾರವಿಡೀ ಸೂರಿನ ಕ್ವಾರ್ಟರ್ಸಿನಲ್ಲಿ. ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಮಾಡುವುದೇನಿಲ್ಲವೆಂದು ಈ ಕಚೇರಿಗೆ ಅರ್ಜಿ ಹಾಕಿದೆ. ಅರಬ್ಬಿ ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ತಪ್ಪಿಲ್ಲದೆ ಟೈಪ್ ಮಾಡಬಲ್ಲೆ ಎಂಬ ಒಂದೇ ಗುಣಕ್ಕೆ ನನ್ನನ್ನು ತೆಗೆದುಕೊಂಡರು.

ಮ್ಯಾನೇಜರು ರಾಘವ ಶೆಟ್ಟರು, ಉಡುಪಿ ಕಡೆಯವರು. ನನ್ನ ಮಾತು ಅವರಿಗೆ ಒರಟು, ಅವರ ಮಾತು ನನಗೆ ಹಾಡಿದ ಹಾಗೆ. ಪ್ರತಿ ಫೈಲಿನ ಮೊದಲ ಹಾಳೆಗೆ ರೋಗಿಯ ಫೋಟೋ ಅಂಟಿಸಬೇಕೆಂಬುದು ಅವರ ಕಟ್ಟಳೆ. "ನಂಬರ್ ಇರ್ಲಿ ಮೇಡಂ, ಆದ್ರೆ ಮುಖ ನೋಡಿ ಸಹಿ ಹಾಕಿ" ಎನ್ನುತ್ತಿದ್ದರು. ಹೊಸ ಆಸ್ಪತ್ರೆ ಸಿಕ್ಕಾಗ ಅವರು ತಾವೇ ಫೋನ್ ಹಚ್ಚಿ, ಅಲ್ಲಿಯವರಿಂದ ವಿಳಾಸವನ್ನು ಅಕ್ಷರ ಅಕ್ಷರ ಹೇಳಿಸಿಕೊಂಡು ಬರೆದುಕೊಳ್ಳುವರು. ವಿಮಾನದಿಂದ ಇಳಿದ ರೋಗಿಯನ್ನು ಯಾರು ಕರೆದೊಯ್ಯುತ್ತಾರೆ, ಆ ಮನುಷ್ಯನ ಹೆಸರೇನು ಎಂಬುದನ್ನೂ ಕೇಳುವರು. ನನಗೆ ಇದೆಲ್ಲ ಹಳೆಕಾಲದ ಪದ್ಧತಿ ಎನಿಸುತ್ತಿತ್ತು. ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುವಾಗ ಇಷ್ಟು ಹೊತ್ತು ಫೋನ್ ಹಿಡಿದು ಕೂರುವುದೇಕೆ ಎಂದು ಒಳಗೊಳಗೇ ಗೊಣಗಿಕೊಂಡಿದ್ದೇನೆ.

ನನ್ನ ಮೇಜಿಗೆ ಬರುತ್ತಿದ್ದುದು ಕೀಲುನೋವು ಮತ್ತು ಪಾರ್ಶ್ವವಾಯುವಿನ ಕೇಸುಗಳು. ಅವರಲ್ಲಿ ಹೆಚ್ಚಿನವರು ಜೆಕ್ ದೇಶದ ಓಲ್ಶಿನಾ ಎಂಬ ಸಣ್ಣ ಹಳ್ಳಿಗೆ ಹೋಗುತ್ತಿದ್ದರು. ಅಲ್ಲೊಂದು ಬಿಸಿನೀರಿನ ಬುಗ್ಗೆ ಇದೆ. ಆ ನೀರಿನಲ್ಲಿ, ಕಾಯಿಸಿದ ಜವುಗು ಮಣ್ಣಿನಲ್ಲಿ ಮೂರು ವಾರ ದಿನಾ ಸ್ನಾನ ಮಾಡಿಸಿ, ಅಂಗಮರ್ದನ ಮಾಡಿ, ನಡೆಸಿ ಕಳಿಸುತ್ತಾರೆ. ಸರ್ಕಾರದ ಮಂಜೂರಾತಿ ಪತ್ರ ಬಂದರೆ ರೋಗಿಗೂ ಜೊತೆಗೆ ಒಬ್ಬರಿಗೂ ಖರ್ಚು ಸಿಗುತ್ತಿತ್ತು. ನಾನು ವರ್ಷಗಟ್ಟಲೆ ಆ ಹಳ್ಳಿಗೆ ಜನರನ್ನು ಕಳಿಸಿದೆ. ಅದು ಬೆಟ್ಟದ ಮೇಲಿದೆಯೋ ಬಯಲಲ್ಲಿದೆಯೋ ಎಂದು ಯಾರಾದರೂ ಕೇಳಿದ್ದರೆ ಭೂಗೋಳದ ಎಂ.ಎ. ಉತ್ತರ ಕೊಡುತ್ತಿರಲಿಲ್ಲ.

ಕಚ್ಚಾ ಎಣ್ಣೆಯ ಬೆಲೆ ಇಳಿಯತೊಡಗಿದ ವರ್ಷ ನಮ್ಮಲ್ಲಿ ಮೊದಲು ಕೆಲಸ ಕಳೆದುಕೊಂಡು ಹೋದವನು ಕಾರು-ಬಸ್ಸುಗಳ ವ್ಯವಸ್ಥೆ ನೋಡುತ್ತಿದ್ದ ಸಹೋದ್ಯೋಗಿ. ಅವನ ಕೆಲಸವೂ ನನ್ನ ಮೇಜಿಗೆ ಬಂತು. ಹಾಗೆ ನಾನು ಸ್ವತಃ ಕಾರು ಗೊತ್ತು ಮಾಡಿದ ಮೊದಲ ರೋಗಿ ಬೀಬಿ ಸಲ್ಮಾ. ಸೂರಿನವರು, ಅರವತ್ತು ದಾಟಿದ ಹೆಂಗಸು, ಎರಡೂ ಮಂಡಿ ಮಡಚಲಾಗದಷ್ಟು ಬಿಗಿದಿದ್ದವು. ಜೊತೆಗೆ ಹೊರಟವಳು ಮಗಳು ಜುವೈನಾ, ಶಾಲೆಯ ಟೀಚರ್. ಕಾರಿನ ಕಂಪನಿಯ ವೆಬ್‌ಸೈಟಿನಲ್ಲಿ ಊರಿನ ಹೆಸರಿನ ಮೊದಲ ನಾಲ್ಕು ಅಕ್ಷರ ಹೊಡೆದೆ, ಪಟ್ಟಿ ತೆರೆಯಿತು, ಮೇಲಿದ್ದುದನ್ನು ಒತ್ತಿದೆ. ಶೆಟ್ಟರ ಪದ್ಧತಿಯಂತೆ ಫೋನ್ ಮಾಡಲಿಲ್ಲ.

ಅವರಿಬ್ಬರೂ ವಿಮಾನ ಹತ್ತಿದ ಮರುದಿನ ನಮ್ಮ ಕಚೇರಿ ಮುಚ್ಚುವ ಹೊತ್ತಿಗೆ ಜುವೈನಾಳ ಕರೆ ಬಂತು.

"ಮೇಡಂ, ಡ್ರೈವರ್ ನಮ್ಮನ್ನ ಇಳಿಸಿ ಹೋದ. ಇಲ್ಲಿ ಆಸ್ಪತ್ರೆ ಕಾಣ್ತಿಲ್ಲ."

"ಅಲ್ಲೇ ಮುಂದೆ ದೊಡ್ಡ ಕಟ್ಟಡ ಇರತ್ತೆ, ನೋಡಿ."

"ದೊಡ್ಡ ಕಟ್ಟಡ ಯಾವುದೂ ಇಲ್ಲ. ಒಂದು ಕೆರೆ ಇದೆ. ಬಾತುಕೋಳಿ ಇವೆ. ಅಮ್ಮ ಸೂಟ್‌ಕೇಸಿನ ಮೇಲೆ ಕೂತಿದ್ದಾರೆ."

ನಕ್ಷೆ ತೆರೆದೆ. ಆ ದೇಶದಲ್ಲಿ ಓಲ್ಶಿನಾ ಎರಡು. ಹೋರ್ನಿ ಓಲ್ಶಿನಾ, ಎಂದರೆ ಮೇಲಿನದು, ಉತ್ತರದ ಬೆಟ್ಟಗಳಲ್ಲಿ, ಬುಗ್ಗೆ ಇರುವುದು ಅಲ್ಲಿ. ದೋಲ್ನಿ ಓಲ್ಶಿನಾ, ಎಂದರೆ ಕೆಳಗಿನದು, ದಕ್ಷಿಣದ ಬಯಲಿನಲ್ಲಿ, ಮೀನು ಸಾಕುವ ಕೆರೆಗಳ ನಡುವೆ. ಎರಡಕ್ಕೂ ನಡುವೆ ಕಾರಿನಲ್ಲಿ ಐದು ತಾಸಿನ ದಾರಿ. ನಡೆಯಲಾಗದ ಹೆಂಗಸೊಬ್ಬರನ್ನು ಗುರುತಿಲ್ಲದ ದೇಶದ ಕೆರೆಯ ದಂಡೆಯಲ್ಲಿ ಇಳಿಸಿದ್ದೆ.

ಶೆಟ್ಟರ ಕೋಣೆಗೆ ಹೋಗಿ ನಿಂತೆ. "ಸರ್, ತಪ್ಪಾಗೇತ್ರಿ. ನನ್ನಿಂದನ ಆಗೇತಿ" ಎಂದೆ. ಕೆಲಸ ಹೆಚ್ಚಾಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಡಲಿಲ್ಲ.

ಅವರು ಬೈಯಲಿಲ್ಲ. "ಅದೆಲ್ಲ ಆಮೇಲೆ ಮಾತಾಡುವ. ಪೇಶೆಂಟ್ ಈಗ ಎಲ್ಲಿ ಕೂತಿದ್ದಾರೆ, ಚಳಿ ಉಂಟಾ, ಅದು ಹೇಳಿ ಮೊದ್ಲು" ಎಂದವರೇ ಬುಗ್ಗೆಯ ಆಸ್ಪತ್ರೆಗೆ ಫೋನ್ ಹಚ್ಚಿದರು. ಅಲ್ಲಿ ಹೊರದೇಶದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವಳು ಯಾನಾ ಎಂಬ ಹೆಂಗಸು. ತಾನೇ ಕಾರು ತೆಗೆದುಕೊಂಡು ಹೊರಡುತ್ತೇನೆ, ಆದರೆ ಬೆಟ್ಟದ ರಸ್ತೆಯಲ್ಲಿ ಹಿಮವಿದೆ, ಮುಟ್ಟುವುದು ನಾಳೆ ಬೆಳಿಗ್ಗೆಯೇ ಎಂದಳು.

ಅಷ್ಟರಲ್ಲಿ ಕೆರೆಯ ಪಕ್ಕದ ಮನೆಯಾಕೆ ಬಾತುಕೋಳಿಗಳನ್ನು ಗೂಡಿಗೆ ಹೊಡೆಯಲು ಬಂದವಳು, ಸೂಟ್‌ಕೇಸಿನ ಮೇಲೆ ಕೂತಿದ್ದ ಸಲ್ಮಾರನ್ನು ನೋಡಿ, ಒಂದು ಮಾತೂ ಅರ್ಥವಾಗದಿದ್ದರೂ, ತೋಳು ಹಿಡಿದು ಒಳಗೆ ಕರೆದೊಯ್ದಿದ್ದಳು. ಮಾಂಸ ಬೇಡವೆಂದು ಜುವೈನಾ ಕೈಸನ್ನೆ ಮಾಡಿದ್ದಕ್ಕೆ ಬೇಯಿಸಿದ ಆಲೂಗಡ್ಡೆ, ರೊಟ್ಟಿ, ಹಾಲು ಕೊಟ್ಟು, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳಂತೆ. ಬೆಳಿಗ್ಗೆ ಯಾನಾ ಬಂದು ಇಬ್ಬರನ್ನೂ ಮೇಲಿನ ಓಲ್ಶಿನಾಕ್ಕೆ ಕರೆದೊಯ್ದಳು.

ಮೂರು ವಾರದ ಮೇಲೆ ಸಲ್ಮಾ ಊರಿಗೆ ಬಂದ ಸುದ್ದಿ ಸಿಕ್ಕಿತು. ಕ್ಷಮಾಪಣೆಯ ಪತ್ರ ಬರೆದರೆ ಸಾಕು ಎಂದು ನಮ್ಮ ಕಚೇರಿಯ ಮಾಲೀಕರು ಹೇಳಿದರು. ನನಗೆ ಸಾಕೆನಿಸಲಿಲ್ಲ. ಆ ವಾರ ನಮ್ಮವರು ದಾರ್ಸೈಟಿಗೆ ಬರುವ ಬದಲು ನಾನೇ ಮಗಳನ್ನು ಕರೆದುಕೊಂಡು ಸೂರಿಗೆ ಹೋದೆ. ಊರೊಳಗೆ ಚಾಚಿದ ಸಮುದ್ರದ ಖಾರಿಯ ದಂಡೆಯಲ್ಲಿ, ಮರದ ಹಡಗು ಕಟ್ಟುವ ಅಂಗಳಗಳ ಹಿಂದೆ ಸಲ್ಮಾರ ಮನೆ. ಅವರು ಅರಬ್ಬಿ, ಇಂಗ್ಲಿಷು, ಸಿನಿಮಾ ನೋಡಿ ಕಲಿತ ಹಿಂದಿ ಮೂರನ್ನೂ ಕಲಸಿ ಮಾತಾಡುತ್ತಿದ್ದರು. ಇಲ್ಲಿ ಅದನ್ನೆಲ್ಲ ಕನ್ನಡಕ್ಕೆ ಇಳಿಸಿದ್ದೇನೆ.

ಅರಬ್ಬಿ ಕಾಫಿ ಖಾವಾ, ಖರ್ಜೂರ ಮುಂದಿಟ್ಟು ಸಲ್ಮಾ ನನ್ನನ್ನೇ ನೋಡುತ್ತ ಕೂತರು. ನಾನು ತಪ್ಪೊಪ್ಪಿಕೊಂಡೆ.

"ಆ ಮನೆಯವಳು ಒಳ್ಳೆಯವಳು. ಅದರ ಬಗ್ಗೆ ನನಗೆ ಬೇಜಾರಿಲ್ಲ" ಎಂದರು. "ಆದರೆ ಬಿಂತಿ, ನನ್ನನ್ನು ಎಲ್ಲಿಗೆ ಕಳಿಸ್ತಿದ್ದೀಯ ಅಂತ ನಿನಗೇ ಗೊತ್ತಿರಲಿಲ್ಲ."

ಬಿಂತಿ ಎಂದರೆ ಮಗಳೇ ಎಂದು. ಆ ಪ್ರೀತಿಯ ಮಾತಿನ ಜೊತೆ ಬಂದದ್ದರಿಂದ ಆ ಸತ್ಯ ಇನ್ನೂ ಆಳಕ್ಕೆ ಇಳಿಯಿತು.

ನನ್ನ ಬಟ್ಟಲಿಗೆ ಮತ್ತೆ ಖಾವಾ ಬಗ್ಗಿಸುತ್ತ ಅವರೇ ಕೇಳಿದರು. "ಆ ಬುಗ್ಗೆಯ ಊರಲ್ಲಿ ಹಳೆ ಮನೆಗಳ ಬಾಗಿಲ ಮೇಲೆ ಕೊರೆದ ಅಕ್ಷರ ಬೇರೆ ಥರ, ಅಂಗಡಿ ಬೋರ್ಡಿನ ಮಾತು ಬೇರೆ ಥರ. ಯಾಕೆ? ಯಾನಾಳನ್ನು ಕೇಳಿದೆ, ನಕ್ಕು ಸುಮ್ಮನಾದಳು. ಆ ಮನೆಗಳಲ್ಲಿ ಮೊದಲು ಇದ್ದವರು ಯಾರು?"

"ಗೊತ್ತಿಲ್ಲ. ತಿಳ್ಕೊಂಡು ಹೇಳ್ತೀನಿ" ಎಂದೆ.

ಸೋಮವಾರದಿಂದಲೇ ಶುರು ಮಾಡಿದೆ. ಯಾನಾಳಿಗೆ ದಿನಕ್ಕೊಂದು ಪ್ರಶ್ನೆ ಕಳಿಸಿದೆ. ಬಸ್ಸು ನಿಲ್ಲುವ ಜಾಗದಿಂದ ಸ್ನಾನಗೃಹದ ಬಾಗಿಲವರೆಗೆ ಏರು ಎಷ್ಟು? ಗಾಲಿಕುರ್ಚಿ ಹೋಗುವ ದಾರಿ ಯಾವುದು? ಚಳಿಗಾಲದಲ್ಲಿ ಸೂರ್ಯ ಬೆಟ್ಟದ ಹಿಂದೆ ಎಷ್ಟು ಹೊತ್ತಿಗೆ ಮರೆಯಾಗುತ್ತಾನೆ? ನಮಾಜಿಗೆ ನಿಲ್ಲಲು ಶಾಂತವಾದ ಕೋಣೆ ಯಾವ ಮಹಡಿಯಲ್ಲಿದೆ? ಆರೋಗ್ಯವಂತನಿಗೆ ಭೂಗೋಳವೆಂದರೆ ಬೆಟ್ಟ, ನದಿ, ಗಡಿ. ಮಂಡಿ ಹಿಡಿದವರಿಗೆ ಭೂಗೋಳವೆಂದರೆ ಬಾಗಿಲಿಗೆ ಮುಂಚಿನ ಆ ಕೊನೆಯ ಏರು. ಇದನ್ನು ಯಾವ ತರಗತಿಯಲ್ಲೂ ನನಗೆ ಕಲಿಸಿರಲಿಲ್ಲ.

ಮೊದಮೊದಲು ಒಂದೇ ಸಾಲಿನಲ್ಲಿ ಉತ್ತರಿಸುತ್ತಿದ್ದ ಯಾನಾ ಆಮೇಲೆ ಉದ್ದಕ್ಕೆ ಬರೆಯತೊಡಗಿದಳು. ಅವಳ ಪತ್ರಗಳಿಂದ ಹಳ್ಳಿ ನನ್ನ ಕಣ್ಣ ಮುಂದೆ ನಿಂತಿತು. ಕಡಿದಾದ ಎರಡು ಬೆಟ್ಟಗಳ ನಡುವೆ ಒಂದು ತೊರೆ, ತೊರೆಯ ಗುಂಟ ಒಂದೇ ಬೀದಿ. ಹಿಂದೆ ಅಲ್ಲಿದ್ದವರೆಲ್ಲ ನೇಕಾರರಂತೆ. ಅಗಸೆಯ ನೂಲು ಒಣಗಿದರೆ ಹರಿಯುತ್ತದೆ ಎಂದು ನೆಲಮಾಳಿಗೆಯ ತೇವದಲ್ಲೇ ಮಗ್ಗ ಹೂಡಿ ಕೂರುತ್ತಿದ್ದರು. ಮೂವತ್ತಕ್ಕೇ ಕೀಲು ಹಿಡಿಯುತ್ತಿತ್ತು. ಚಳಿಗಾಲದಲ್ಲೂ ಹೆಪ್ಪುಗಟ್ಟದ ಒಂದು ಹೊಂಡದಲ್ಲಿ ಕಾಲಿಳಿಸಿ ಕೂತರೆ ನೋವು ಇಳಿಯುತ್ತದೆಂದು ಕಂಡುಕೊಂಡವರೂ ಅವರೇ. ಮೊದಲ ಸ್ನಾನದ ತೊಟ್ಟಿಯನ್ನು ಬೀದಿಯವರೆಲ್ಲ ಸೇರಿ ಹಲಗೆ ಜೋಡಿಸಿ ಮಾಡಿದ್ದರು. ಇದನ್ನು ಓದುವಾಗ ನನಗೆ ನಮ್ಮ ಅಜ್ಜನ ನೆನಪಾಯಿತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಪ್ಪಸದ ಖಣ ನೇಯ್ದ ಮನುಷ್ಯ, ಕಡೆಗಾಲದಲ್ಲಿ ಗೋಡೆ ಹಿಡಿದು ಏಳುತ್ತಿದ್ದ. ಅಜ್ಜನಿಗೆ ಅಂಥ ಹೊಂಡ ಸಿಗಲಿಲ್ಲ.

ಸಲ್ಮಾರ ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ. ಮೂರು ಸಲ ಕೇಳಿದೆ. ನಾಲ್ಕನೆಯ ಸಲ ಯಾನಾ ಬರೆದಳು. ಆ ನೇಕಾರರು ಆಡುತ್ತಿದ್ದುದು ಜರ್ಮನ್. ಮಹಾಯುದ್ಧ ಮುಗಿದ ಮೇಲೆ, ಕೈಯಲ್ಲಿ ಹೊರಬಹುದಾದಷ್ಟೇ ಸಾಮಾನಿನೊಂದಿಗೆ, ಶತ್ರು ದೇಶದವರೆಂದು, ಅವರನ್ನೆಲ್ಲ ಜರ್ಮನಿಗೆ ಹೋಗುವ ರೈಲಿಗೆ ಹತ್ತಿಸಿದರು. ಖಾಲಿಯಾದ ಮನೆಗಳಿಗೆ ಬೇರೆ ಕಡೆಯಿಂದ ಜನ ಬಂದರು. "ನನ್ನ ಅಜ್ಜಿ ಹಾಗೆ ಬಂದವಳು. ಒಲೆಯ ಮೇಲೆ ಪಾತ್ರೆ ಹಾಗೇ ಇತ್ತಂತೆ. ಇದನ್ನು ನಾವು ರೋಗಿಗಳಿಗೆ ಹೇಳುವುದಿಲ್ಲ" ಎಂದು ಕೊನೆಗೊಂದು ಸಾಲು ಸೇರಿಸಿದ್ದಳು. ಆಮೇಲೆ ಬುಗ್ಗೆ ಸರ್ಕಾರದ್ದಾಯಿತು, ಕಾರ್ಖಾನೆಗಳ ಕಾರ್ಮಿಕರು ಸರದಿಯಂತೆ ಬಂದರು. ಆ ಕಮ್ಯುನಿಸ್ಟ್ ಸರ್ಕಾರವೂ ಹೋಗಿ ಬುಗ್ಗೆ ಖಾಸಗಿಯವರ ಕೈಗೆ ಬಂತು, ಕೊಲ್ಲಿಯ ರೋಗಿಗಳು ಬಂದರು, ಬೀದಿಯ ಹೋಟೆಲಿನಲ್ಲಿ ಅರಬ್ಬಿ ಮೆನು ಬಂತು.

ಇದನ್ನೆಲ್ಲ ಸೇರಿಸಿ, ಕೈಯಲ್ಲೇ ನಕ್ಷೆ ಬರೆದು, ರೋಗಿಗಳಿಗಾಗಿ ಹನ್ನೆರಡು ಪುಟದ ಕೈಪಿಡಿ ಮಾಡಿದೆ. ಜುವೈನಾ ಅದನ್ನು ಅರಬ್ಬಿಗೆ ತಿರುಗಿಸಿಕೊಟ್ಟಳು. ಮಾಲೀಕರು ಓದಿ, ಜನರನ್ನು ರೈಲಿಗೆ ಹತ್ತಿಸಿದ ಪುಟಕ್ಕೆ ಅಡ್ಡಗೆರೆ ಎಳೆದರು. "ಕಾಯಿಲೆಯವರಿಗೆ ಬೇಕಾದ್ದು ಧೈರ್ಯ. ಈ ದುಃಖ ಯಾಕೆ?" ಎಂದರು.

"ಸರ್, ಒಬ್ಬ ಪೇಶೆಂಟ್ ನನ್ನ ಮುಖ ನೋಡಿ ಕೇಳಿದ್ದಾರೆ. ಈ ಪುಟ ಇಲ್ಲ ಅಂದ್ರೆ ನನ್ನ ಹೆಸರೂ ಬೇಡ" ಎಂದೆ.

ಶೆಟ್ಟರು ಪಕ್ಕದಲ್ಲಿದ್ದರು. "ಇರ್ಲಿ ಸರ್. ಅವರು ಹೇಗೂ ಅಲ್ಲಿ ಹೋಗಿ ನೋಡ್ತಾರೆ" ಎಂದರು. ಮಾಲೀಕರು ಸ್ವಲ್ಪ ಯೋಚಿಸಿ ತಾವು ಎಳೆದ ಗೆರೆಯ ಪಕ್ಕದಲ್ಲಿ 'ಪುಟ ಇರಲಿ' ಎಂದು ಬರೆದು ಸಹಿ ಹಾಕಿದರು.

ಕೈಪಿಡಿ ಸಿದ್ಧವಾಯಿತು, ರೋಗಿಗಳು ಬರುವುದು ನಿಂತಿತು. ಎಣ್ಣೆ ಇನ್ನೂ ಕುಸಿದಿತ್ತು. ಮಂಜೂರಾತಿ ಪತ್ರಗಳು ಮೊದಲು ತಡವಾದವು, ಆಮೇಲೆ ಬರಲೇ ಇಲ್ಲ. ದಾರ್ಸೈಟಿನಲ್ಲಿ ವಾರಕ್ಕೊಂದು ಮನೆ ಸಾಮಾನು ಕಟ್ಟುತ್ತಿತ್ತು. ದೇವಸ್ಥಾನಕ್ಕೆ ಹೋದರೆ ಎಲ್ಲರದೂ ಒಂದೇ ಮಾತು, ನಿಮ್ಮಲ್ಲಿ ಯಾರು ಹೋದರು ಎಂದು. ನಮ್ಮಲ್ಲಿ ಹೋದವರು ಶೆಟ್ಟರು. ಹೋಗುವ ದಿನ ತಮ್ಮ ಹಳೆಯ ಟೆಲಿಫೋನ್ ಪುಸ್ತಕವನ್ನು ನನ್ನ ಕೈಗಿಟ್ಟು, "ಖಲಾಸ್ ಮೇಡಂ. ಇನ್ನು ನೀವೇ ಫೋನ್ ಮಾಡ್ಬೇಕು" ಎಂದರು. ನನಗೆ ಅಳು ಬಂತು. ಅವರು ಅದನ್ನು ಕಾಣದವರ ಹಾಗೆ ಲಿಫ್ಟಿನ ಗುಂಡಿ ಒತ್ತಿದರು.

ತಿಂಗಳೊಪ್ಪತ್ತಿನಲ್ಲಿ ಮಾಲೀಕರು ಓಲ್ಶಿನಾದ ಮೇಜು ಮುಚ್ಚುವ ಮಾತು ತೆಗೆದರು. ಅದೇ ವಾರ ಯಾನಾ ಬರೆದಿದ್ದಳು: ಕೊಲ್ಲಿಯವರು ಬರುವುದು ನಿಂತು ಆಸ್ಪತ್ರೆಯ ಒಂದು ಭಾಗಕ್ಕೆ ಬೀಗ ಬಿದ್ದಿದೆ, ಮುಂದಿನದು ತನ್ನ ಕೆಲಸ. ನನಗೆ ಸಿಟ್ಟು ಬಂತು. ಯಾರ ಮೇಲೆಂದು ಹೇಳಲಾರೆ. ಇಷ್ಟು ಕಷ್ಟಪಟ್ಟು ಒಂದು ಊರನ್ನು ತಿಳಿದುಕೊಂಡದ್ದು ಕಪಾಟಿನಲ್ಲಿಡಲಿಕ್ಕಲ್ಲ ಎಂದು ಗಟ್ಟಿಮಾಡಿಕೊಂಡೆ.

ಹಳೆಯ ಫೈಲುಗಳನ್ನು ತೆಗೆದು ಫೋಟೋಗಳನ್ನು ನೋಡುತ್ತ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಸ್ವಂತ ಖರ್ಚಿನಲ್ಲಿ ಹೋಗಲು ಕೆಲವರು ತಯಾರಿದ್ದರು. ಆದರೆ ಜೊತೆಗೆ ಬರುವವರ ಖರ್ಚು ಹೊರಲಾರರು, ಒಬ್ಬರೇ ಹೋಗಲಾರರು. ಮಾಲೀಕರ ಮುಂದೆ ಒಂದು ಮಾತಿಟ್ಟೆ. ಆರು ಹೆಂಗಸರು ಒಟ್ಟಿಗೆ ಹೋಗುವುದು, ಆರು ಜನಕ್ಕೂ ಜೊತೆಗಾತಿ ನಾನೊಬ್ಬಳೇ.

"ನೀವು ಆ ಊರು ನೋಡಿಲ್ಲ" ಎಂದರು.

"ನೋಡಿಲ್ಲ ಸರ್. ಆದ್ರೆ ಗೊತ್ತಿದೆ."

ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಅವರ ಸ್ಥಾವರದಲ್ಲೂ ದಿನಾ ಒಬ್ಬರ ಬೀಳ್ಕೊಡುಗೆ. "ಮೂರು ವಾರಲ್ಲ? ಹೋಗಿ ಬಾ. ರಜೆ ಹಾಕಿ ಬಂದು ಮಗಳನ್ನ ನಾ ನೋಡ್ಕೋತೀನಿ" ಎಂದರು. "ಬಿದ್ದುಗಿದ್ದಾರು, ಎಲ್ಲಾರ ಕೈ ಹಿಡದು ನಡಸು."

ಮಾರ್ಚಿನಲ್ಲಿ ಹೊರಟೆವು. ಸಲ್ಮಾ ಮೊದಲು ಹೆಸರು ಕೊಟ್ಟವರು. ಮೇಲಿನ ಓಲ್ಶಿನಾದಲ್ಲಿ ಬಸ್ಸು ನಿಂತಾಗ ಮುಂಬಾಗಿಲಿನ ಏರಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಡ್ರೈವರು ಸೂಟ್‌ಕೇಸುಗಳನ್ನು ಅಲ್ಲೇ ಇಳಿಸತೊಡಗಿದ. ನಾನು ಬೇಡವೆಂದು ತಡೆದು, ಕೈಪಿಡಿಯ ನಕ್ಷೆ ತೋರಿಸಿ, ಬಸ್ಸನ್ನು ಅಡುಗೆಮನೆಯ ಹಿಂದಿನ ಸಮತಟ್ಟಾದ ದಾರಿಗೆ ತಿರುಗಿಸಿದೆ. ಆರೂ ಹೆಂಗಸರು ಜಾರದೆ ಒಳಗೆ ಹೋದರು. ಕೊನೆಯವರನ್ನು ಒಳಗೆ ಬಿಟ್ಟು ಬಂದು, ನಾನು ಹೊರಗೆ ಗೋಡೆಗೆ ಒರಗಿ ನಿಂತೆ. ಯಾನಾ ಬಂದು ತಬ್ಬಿಕೊಂಡಳು. ಪತ್ರಗಳಲ್ಲಿ ಕಂಡದ್ದಕ್ಕಿಂತ ಕುಳ್ಳಗೆ, ವಯಸ್ಸಾದವಳಂತೆ ಇದ್ದಳು.

ಎರಡನೆಯ ವಾರಕ್ಕೆ ಸಲ್ಮಾರ ಮಂಡಿ ಸಡಿಲವಾಗಿತ್ತು. ಒಂದು ಬೆಳಿಗ್ಗೆ ಕೋಲು ಹಿಡಿದು, "ಯಲ್ಲಾ, ಆ ಕಲ್ಲುಗಳ ಹತ್ತಿರ ಹೋಗೋಣ" ಎಂದರು. ಚರ್ಚಿನ ಹಿಂದಿನ ಹಳೆಯ ಸ್ಮಶಾನ. ನಾನು, ಯಾನಾ ಜೊತೆಗೆ ಹೋದೆವು. ಜರ್ಮನ್ ಹೆಸರಿನ ಕಲ್ಲುಗಳು ಪಾಚಿ ಹಿಡಿದು ವಾಲಿದ್ದವು. ಸಲ್ಮಾ ಒಂದೊಂದರ ಮುಂದೆಯೂ ನಿಂತರು.

"ನಾನು ಹುಟ್ಟಿದ್ದು ಜಂಜಿಬಾರಿನಲ್ಲಿ" ಎಂದರು. ಆಫ್ರಿಕದ ಕರಾವಳಿಯ ಆ ದ್ವೀಪದ ಮಾತನ್ನು ಅದುವರೆಗೆ ನನಗೆ ಹೇಳಿರಲಿಲ್ಲ. "ಅಪ್ಪನದು ಲವಂಗದ ವ್ಯಾಪಾರ. ನಮ್ಮಂಥ ಅರಬರ ಮೇಲೆ ದಂಗೆಯಾದಾಗ ನನಗೆ ಹನ್ನೊಂದು ವರ್ಷ. ಒಂದು ಪೆಟ್ಟಿಗೆ ಹಿಡ್ಕೊಂಡು ಹಡಗು ಹತ್ತಿದ್ವಿ. ಜುವೈನಾಗೂ ನಾನು ಆ ಮನೆ ಬಗ್ಗೆ ಹೇಳಿಲ್ಲ." ಆಮೇಲೆ ಯಾನಾಳ ಕಡೆ ತಿರುಗಿದರು. "ಕೇಳು ಅವಳನ್ನ. ಇಲ್ಲಿಂದ ಹೋದವರು ಯಾರಾದರೂ ತಿರುಗಿ ನೋಡಲಿಕ್ಕೆ ಬಂದ್ರಾ?"

ಇಂಗ್ಲಿಷಿನಲ್ಲಿ ಕೇಳಿದೆ. ಯಾನಾ ಬಗ್ಗಿ ಒಂದು ಕಲ್ಲಿನ ಮೇಲಿನ ಪಾಚಿ ಕೆರೆಯುತ್ತ ಹೇಳಿದಳು.

"ನಾನು ಚಿಕ್ಕವಳಿದ್ದಾಗ ಒಬ್ಬ ಮುದುಕಿ ಬಂದಿದ್ದಳು. ನಮ್ಮ ಗೇಟಿನ ಹೊರಗೆ ನಿಂತು ನೋಡುತ್ತಿದ್ದಳು. ಮನೆ ವಾಪಸ್ ಕೇಳ್ತಾಳೆ ಅಂತ ಅಜ್ಜಿ ಬಾಗಿಲು ಹಾಕಿದಳು. ಅವಳು ಸಂಜೆವರೆಗೆ ನಿಂತು ಹೋದಳು."

ಸಲ್ಮಾ ಅವಳ ಕೈ ಹಿಡಿದರು. "ನಿನ್ನ ಅಜ್ಜಿಗೂ ಹೆದರಿಕೆ" ಎಂದರು. "ಆ ಹೆಂಗಸು ಮನೆ ಕೇಳಲಿಕ್ಕೆ ಬಂದಿರಲಿಲ್ಲ." ಯಾನಾ ಅತ್ತಳು. ನಾನು ಅನುವಾದ ನಿಲ್ಲಿಸಿದೆ. ಇಬ್ಬರಿಗೂ ಅದು ಬೇಕಾಗಿರಲಿಲ್ಲ.

ಆ ಆರು ಜನ ನಡೆದುಕೊಂಡು ವಿಮಾನ ಇಳಿದುದನ್ನು ಕಂಡು ಇನ್ನೊಂದು ಗುಂಪು ಸಿದ್ಧವಾಯಿತು. ಎಣ್ಣೆ ಮತ್ತೆ ಏರುವವರೆಗೆ ವರ್ಷಕ್ಕೆ ಎರಡು ಗುಂಪು ಕರೆದೊಯ್ದೆ. ಮೇಜು ಮುಚ್ಚಲಿಲ್ಲ. ಯಾನಾಳ ಕೆಲಸವೂ ಉಳಿಯಿತು. ಇದರಲ್ಲಿ ನನ್ನ ಜಾಣತನ ಹೆಚ್ಚಿಲ್ಲ. ಒಂದೇ ಊರನ್ನು ಹಟ ಹಿಡಿದು ತಿಳಿದುಕೊಂಡೆ, ಅಷ್ಟೇ. ಹೊಸದಾಗಿ ಸೇರುವವರಿಗೆ ನಾನು ಹೇಳುವುದೂ ಅದೇ. ಹತ್ತು ದೇಶದ ಪಟ್ಟಿ ಬಾಯಿಪಾಠ ಮಾಡಬೇಡಿ. ಒಂದು ಹಳ್ಳಿಯನ್ನು, ಅದರ ಏರು, ಅದರ ಹಿಂದಿನ ದಾರಿ, ಅಲ್ಲಿಂದ ಹೋದವರು, ಅಲ್ಲಿಗೆ ಬಂದವರು, ಇಷ್ಟನ್ನು ಪೂರ್ತಿ ತಿಳಿಯಿರಿ. ರೋಗಿ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಆಮೇಲೆ ತಿಳಿದುಕೊಂಡು ಹೋಗಿ ಹೇಳಿ.

ನಾನು ನಿವೃತ್ತಳಾಗುವ ವರ್ಷ ಸಲ್ಮಾ ಕಚೇರಿಗೆ ಬಂದರು, ಕೋಲಿಲ್ಲದೆ. ಈ ಸಲ ಓಲ್ಶಿನಾ ಬೇಡ, ಜಂಜಿಬಾರಿಗೆ ಟಿಕೆಟ್ ಮಾಡು ಎಂದರು. ಜೊತೆಗೆ ಜುವೈನಾ ಬರುತ್ತಾಳಾ ಎಂದು ಕೇಳಿದೆ. "ಮೊದಲು ನಾನೊಬ್ಬಳೇ" ಎಂದರು. ಅಲ್ಲಿ ಯಾರು ಎದುರುಗೊಳ್ಳುತ್ತಾರೆ, ಕಾರು ಎಲ್ಲಿಯವರೆಗೆ ಹೋಗುತ್ತದೆ, ಓಣಿಯಲ್ಲಿ ಎಷ್ಟು ದೂರ ನಡೆಯಬೇಕು ಎಂದು ನಾನೇ ಫೋನ್ ಮಾಡಿ ಕೇಳಿಕೊಂಡೆ.

ನಾಲ್ಕನೆಯ ದಿನ ಅಲ್ಲಿಂದ ಕರೆ ಮಾಡಿದರು.

"ಮನೆ ಸಿಕ್ತಾ?" ಎಂದೆ.

"ಸಿಕ್ತು. ಈಗ ಅಲ್ಲಿ ಬಟ್ಟೆ ಹೊಲಿಯುವ ಹೆಂಗಸು ಇದ್ದಾಳೆ. ಯಾರ ಮಗಳು ಅಂತ ಕೇಳಿದಳು. ಅಪ್ಪನ ಹೆಸರು ಹೇಳಿದೆ. ಒಳಗೆ ಕರೆದಳು. ಅಂಗಳದ ಪೇರಲೆ ಮರ ಕಡಿದಿದ್ದಾರೆ."

"ಸಿಟ್ಟು ಬರಲಿಲ್ಲವಾ?"

"ಬಂತು" ಎಂದರು ಸಲ್ಮಾ. "ಆಮೇಲೆ ಚಹಾ ಬಂತು."

ಆ ಕಡೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಬಿಂತಿ, ಮುಂದಿನ ತಿಂಗಳಿಗೆ ಎರಡು ಟಿಕೆಟ್ ನೋಡು" ಎಂದರು. "ಜುವೈನಾಳನ್ನ ಕರ್ಕೊಂಡು ಬರ್ತೀನಿ."